ಲಕ್ಷಣ

ಮರಾಠಿ ಫಾರಮ್ಮಿನಲ್ಲಿ ಒಂದು ಪದ ನನ್ನದೂ ಆಗಿತ್ತು:
ಲಕ್ಷಣೇ.
ಮುಂದೆ ಚುಕ್ಕಿ ಚುಕ್ಕಿ ಗೆರೆ. ಅದರ ಮೇಲೆ
'ಇಲ್ಲ' ಎಂದು ಬರೆದೆ, ಹೊಡೆದು ಹಾಕಿ
'ನಾಹೀ' ಎಂದು ಬರೆದೆ.

ಇಪ್ಪತ್ತೊಂದು ವರ್ಷ ವಡಾಲದ ಮುನಿಸಿಪಾಲ್ಟಿ ಕನ್ನಡ ಶಾಲೆಯಲ್ಲಿ
ನಾಮಪದದ ಲಕ್ಷಣ, ಸಂಧಿಯ ಲಕ್ಷಣ
ಬರೆದು ಅಳಿಸಿದವಳು ನಾನು.
ಅದಕ್ಕೂ ಮುಂಚೆ, ನೋಡಲು ಬಂದವರು
ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಹೇಳಿದ್ದರು,
ಹುಡುಗಿ ಲಕ್ಷಣವಾಗಿದ್ದಾಳೆ.
ಇಲ್ಲಿ ಲಕ್ಷಣ ಇಲ್ಲದಿರುವುದೇ ಒಳ್ಳೆಯದಂತೆ.
ಒಳ್ಳೆಯದು, ಆದರೆ ಅಷ್ಟೇ ಸಾಲದಂತೆ.

ತಲೆಯ ಮೇಲೆ ಬೋರ್ಡು: ಚರ್ಮ ಮತ್ತು ಗುಪ್ತರೋಗ.
ಲೋಕಲ್ಲಿನ ಡಬ್ಬಿಯಲ್ಲಿ ಅಂಟಿಸಿದ ಚೀಟಿ ಓದಿ ಬಂದ
ಅಫಜಲಪುರದ ಕಡೆಯ ಹುಡುಗ ಸಿದ್ಲಿಂಗ ಒಮ್ಮೆ ಕೇಳಿದ್ದ:
ಟೀಚರ್, ಗುಪ್ತರೋಗ ಅಂದ್ರ
ಗುಪ್ತರ ಕಾಲದಾಗಿನ ರೋಗೇನ್ರಿ?
ಹೌದು, ಅಂದಿದ್ದೆ. ಸುವರ್ಣಯುಗದ್ದು. ಕೂತ್ಕೋ.

ಪಕ್ಕದಲ್ಲಿ ಭೋಜ ಕುಂದರ್.
ಹದಿನೆಂಟು ವರ್ಷ ಸರಕಿನ ಹಡಗಿನಲ್ಲಿ ಅಡುಗೆ ಮಾಡಿದ ಕೈ
ಟೋಕನ್ನನ್ನು ಮಡಿಸಿ, ಬಿಚ್ಚಿ, ಮಡಿಸಿ.
ಮಾತೆತ್ತಿದವಳು ನಾನೇ.
ಕಿಂಗ್ಸ್ ಸರ್ಕಲ್ಲಿನ ಸೇತುವೆ ಕೆಳಗೆ,
ಅರ್ಧ ಮಾತು ಲಾರಿಯ ಸದ್ದಿಗೆ ಹೋಗಲಿ ಎಂದೇ ಕೇಳಿದ್ದೆ:
ಒಟ್ಟಿಗೆ ಇರುವ ಮುಂಚೆ ಒಮ್ಮೆ ಇಬ್ಬರೂ
ಪರೀಕ್ಷೆ ಮಾಡಿಸಿಕೊಳ್ಳೋಣವೇ?
'ಇಬ್ಬರೂ' ಎಂಬುದು ಬರೀ ಸೌಜನ್ಯ.
ನನ್ನ ಮನಸ್ಸಿನಲ್ಲಿದ್ದದ್ದು ಏಕವಚನ.
ಅವನಿಗೆ ಎಷ್ಟೊಂದು ಬಂದರು;
ನನಗೆ ಒಂದೇ ಊರು, ಒಬ್ಬನೇ ಗಂಡ,
ಅವನನ್ನು ಬಿಟ್ಟೂ ಒಂಬತ್ತು ವರ್ಷ.
ಭೋಜ ಚಹಾ ಮುಗಿಸಿ ಕೇಳಿದ್ದು ಇಷ್ಟೇ: ಯಾವತ್ತು?

ಖಾನೋಲ್ಕರ್ ಬಾಯಿ ಪೆನ್ನಿನ ಮುಚ್ಚಳ ನೋಡುತ್ತಾ
ಕೇಳಬೇಕಾದ್ದನ್ನೆಲ್ಲ ಕೇಳಿದಳು.
ಆಮೇಲೆ ಅಂದಳು:
ಇದು ಬಾಗಿಲು ಮುರಿಯುವ ಕಳ್ಳ ಅಲ್ಲ, ಟೀಚರ್,
ಪಗಡಿ ಕೊಟ್ಟ ಹಳೇ ಬಾಡಿಗೆದಾರ.
ಸದ್ದಿಲ್ಲ, ಗದ್ದಲವಿಲ್ಲ,
ವರ್ಷಗಟ್ಟಲೆ ಒಳಗೇ.
ತೋಳಿಗೆ ರಬ್ಬರು ಬಿಗಿದರು. ಮುಷ್ಟಿ ಹಿಡಿ ಎಂದರು.
ಮೂರು ನಳಿಕೆ, ಒಂದು ಬಾಟಲಿ,
ಹೆಸರಿನ ಜಾಗದಲ್ಲಿ ನಂಬರು.

ಗುರುವಾರ ಅವನ ಕಾಗದದಲ್ಲಿ ಏನೂ ಇರಲಿಲ್ಲ.
ನನ್ನದರಲ್ಲಿ ಇತ್ತು.
ಖಚಿತಕ್ಕೆಂದು ಮಾಡಿದ ಎರಡನೇ ಪರೀಕ್ಷೆಯಲ್ಲೂ ಇತ್ತು.
ಸಿಫಿಲಿಸ್. ಹಳೆಯದು. ಮಲಗಿದೆ.
ವಾಸಿಯಾಗುತ್ತೆ, ಎಂದು ಡಾಕ್ಟರು ಎರಡು ಸಲ ಹೇಳಿದರು,
ಮೊದಲನೆಯದು ನನಗೆ ಕೇಳಿಸಿರಲಿಲ್ಲ.

ಹಿಂದಕ್ಕೆ ಎಣಿಸುತ್ತಾ ಹೋದೆ:
ಮುಲುಂಡಿನ ಒಂಟಿ ಕೋಣೆ, ಗಂಡನ ರಾತ್ರಿ ಪಾಳಿ,
ಯಾವುದೋ ಒಂದು ಜೂನ್, ಶಾಲೆ ಶುರುವಾದ ವಾರ,
ನನ್ನ ಎರಡೂ ಅಂಗೈಯಲ್ಲಿ ತಾಮ್ರದ ಬಣ್ಣದ ಕಲೆ.
ನೋಯಲಿಲ್ಲ, ತುರಿಸಲಿಲ್ಲ.
ಸೀಮೆಸುಣ್ಣ ಆಗಿ ಬರುತ್ತಿಲ್ಲವೇನೋ ಎಂದು
ಕೊಬ್ಬರಿ ಎಣ್ಣೆ ಹಚ್ಚಿದೆ. ಹೋಯಿತು.
ಅಂದರೆ ಲಕ್ಷಣ ಬಂದಿತ್ತು,
ಟೀಚರಿಗೆ ಓದಲು ಬರಲಿಲ್ಲ.
ನಿಲ್ಲದೆ ಹೋದ ಆ ಎರಡು ಬಸಿರೂ ಇದರಿಂದಲೇ, ಎಂದು
ಕೇಳಬೇಕಿತ್ತು.
ಕೇಳಲಿಲ್ಲ.

ಮೂರು ಬುಧವಾರ, ಪ್ರತಿ ಸಲ ಸೊಂಟದ ಎರಡೂ ಕಡೆ ಸೂಜಿ.
ಮೊದಲ ಬುಧವಾರ ಕುಂಟುತ್ತಾ ಹೊರಬಂದೆ.
ಬೆಂಚಿನಲ್ಲಿ ಭೋಜ, ನನ್ನ ವ್ಯಾನಿಟಿ ಬ್ಯಾಗನ್ನು
ಬೇರೆಯವರ ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು.
ಅವತ್ತು 'ಇಬ್ಬರೂ' ಅಂದೆನಲ್ಲ, ಅದು ಸುಳ್ಳು, ಅಂದೆ.
ಗೊತ್ತಿತ್ತು, ಅಂದ.
ನನಗೂ ನನ್ನ ಮೇಲೇ ಸಂಶಯ ಇತ್ತು.
ಬ್ಯಾಗು ಕೊಡಲಿಲ್ಲ, ಸ್ಟೇಷನ್ನಿನ ತನಕ ತಾನೇ ಹಿಡಿದ.

ಮಧ್ಯಾಹ್ನದ ಹಾರ್ಬರ್ ಗಾಡಿ. ಹೆಂಗಸರ ಡಬ್ಬಿ
ಅಪರೂಪಕ್ಕೆ ಖಾಲಿ.
ಕ್ಲಿಪ್ಪು ಮಾರುವವಳು ಬುಟ್ಟಿ ಸರಿಸಿ ಅಂದಳು,
ಬೈಠೋ ನಾ ದೀದಿ, ಇತ್ನಾ ಜಗಹ್ ಹೈ.
ಬೇಡ ಎಂದು ನಕ್ಕೆ. ಸೊಂಟ ಉರಿಯುತ್ತಿತ್ತು.
ಚುನಾಭಟ್ಟಿ ಹೋಯಿತು, ಕುರ್ಲಾ ಹೋಯಿತು,
ಅಷ್ಟುದ್ದ ಖಾಲಿ ಸೀಟಿನ ಎದುರು
ತರಗತಿಯಲ್ಲಿ ನಿಂತಂತೆ ನಿಂತೇ ಇದ್ದೆ.